ಹಳ್ಳಿಯ ಗುರುಗಳ ಸಹೋದರ ಬಾಂಧವ್ಯ
(ಶತಮಾನೋತ್ಸವದ ಸಿದ್ಧತೆಯ ದಿನಗಳಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳಿಂದ ಈ ದೇವಾಲಯದ ಘಂಟೆಯು ನಿಲ್ಲದೆ ಮೊಳಗುತ್ತ ಬಂದಿರುವುದಕ್ಕಾಗಿ ಸರ್ವೇಶ್ವರನಿಗೆ ಸ್ತೋತ್ರ ಸಲ್ಲಿಸುತ್ತಿರುವ ಈ ಸಂದರ್ಭದಲ್ಲಿ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಮುಖಮಂಟಪದಲ್ಲಿ ನಿಲ್ಲಿಸಿದ್ದೀರಿ. ಒಂದು ಹೆಸರಿನ ಕೆಳಗೆ ಮತ್ತೊಂದು ಹೆಸರು. ಓದಿದವರಿಗೆ, ಒಬ್ಬರು ಹೋದರು, ಇನ್ನೊಬ್ಬರು ಬಂದರು, ಸದಾ ಒಬ್ಬರೇ ಇದ್ದರು ಎನಿಸುವುದು ಸಹಜ. ಆದರೆ ಆ ಕಲ್ಲು ಹೇಳದ ಸಂಗತಿಯೊಂದಿದೆ. ಅವರು ಜ್ವರದಿಂದ ಮಲಗಿದಾಗ ಇಲ್ಲಿ ಬಂದು ಬಲಿಪೂಜೆ ಅರ್ಪಿಸಿದವರು, ಅವರ ಪಾಪನಿವೇದನೆಯನ್ನು ಆಲಿಸಿದವರು, ಅವರಲ್ಲಿ ಕೆಲವರ ಕಣ್ಣು ಮುಚ್ಚಿದವರು ಪಕ್ಕದ ಊರುಗಳ ಗುರುಗಳು. ಅವರ ಹೆಸರು ನಮ್ಮ ಕಲ್ಲಿನ ಮೇಲಿಲ್ಲ. ಅವರನ್ನು ನೆನೆದು ನಾವು ಇಂದು ಕೆಲವು ಮಾತುಗಳನ್ನು ಆಡಬಯಸುತ್ತೇವೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ತಿಂಗಳಿಗೊಂದು ಮಂಗಳವಾರ ಗುರುಮನೆಗೆ ಬೀಗ ಬಿದ್ದಿರುತ್ತದೆ. ‘ಸ್ವಾಮಿಗಳ ಸಭೆಯಂತೆ, ಊಟವಂತೆ’ ಎಂಬ ಮಾತು ಅರಳಿಕಟ್ಟೆಯಿಂದ ನಮ್ಮ ಕಿವಿಗೂ ಬರುತ್ತದೆ. ಪಾಲನಾ ಸಮಿತಿಯ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: “ಸ್ವಾಮಿ, ತಾವು ನಮಗಾಗಿ ಬಂದವರಲ್ಲವೇ? ಅಲ್ಲಿ ತಮಗೇನು ಕೆಲಸ?” ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ನೇರವಾಗಿಯೇ ಇರಬೇಕು.

ನೀವು ಪಾಪನಿವೇದನೆಗೆ ನಮ್ಮಲ್ಲಿಗೆ ಬರುತ್ತೀರಿ. ನಾವು ಯಾರಲ್ಲಿಗೆ ಹೋಗಬೇಕು? ಯಾವ ಗುರುವೂ ತನ್ನ ಪಾಪಗಳನ್ನು ತಾನೇ ಕ್ಷಮಿಸಿಕೊಳ್ಳಲಾರನು. ಜಗದ್ಗುರುಗಳಾದ ಪೋಪರೂ ಮತ್ತೊಬ್ಬ ಗುರುವಿನ ಮುಂದೆ ಮೊಣಕಾಲೂರಬೇಕು. ಪಟ್ಟಣದ ಗುರುವಿಗೆ ಇದು ಕಷ್ಟವಲ್ಲ, ರಸ್ತೆ ದಾಟಿದರೆ ಧಾರ್ಮಿಕ ಸಭೆಯವರ ಮಠವಿರುತ್ತದೆ. ಹಳ್ಳಿಯ ಗುರುವಿಗೆ ಮುಂದಿನ ದೇವಾಲಯವೇ ಹತ್ತಿಪ್ಪತ್ತು ಮೈಲಿ ದೂರ. ಆ ಹಾದಿಯನ್ನು ಅವನು ನಡೆಯದೆ ಹೋದರೆ ನಷ್ಟ ಅವನೊಬ್ಬನದಲ್ಲ, ಅವನ ಕೈಯಿಂದ ಪರಮ ಪ್ರಸಾದ ಸ್ವೀಕರಿಸುವ ನಿಮ್ಮದೂ ಹೌದು.

ಧರ್ಮಕೇಂದ್ರದ ಗುರುಗಳೆಲ್ಲರ ಪಾಲಕ ಸಂತರಾದ ಸಂತ ಜಾನ್ ಮರಿಯ ವಿಯಾನ್ನಿಯವರನ್ನೇ ನೋಡಿ. 1818ರಲ್ಲಿ ಅವರು ಫ್ರಾನ್ಸಿನ ಆರ್ಸ್ ಗ್ರಾಮಕ್ಕೆ ಬಂದಾಗ ಅಲ್ಲಿದ್ದ ಜನ ಸುಮಾರು 230. ನಮ್ಮ ಈ ಊರಿಗಿಂತಲೂ ಚಿಕ್ಕದು! ನಂತರದ ವರ್ಷಗಳಲ್ಲಿ ಸಾವಿರಾರು ಜನರು ದೇಶದ ಮೂಲೆ ಮೂಲೆಗಳಿಂದ ಬಂದು ಅವರ ಪಾಪನಿವೇದನಾ ಪೀಠದ ಮುಂದೆ ಕಾದರು. ಇದನ್ನು ನೀವೆಲ್ಲರೂ ಬಲ್ಲಿರಿ. ಆದರೆ ಆ ಮಹಾತ್ಮರ ಪಾಪನಿವೇದನೆಯನ್ನು ಕೇಳಿದವರು ಯಾರು? ಪಕ್ಕದ ಜಾಸ್ಸಾನ್ ಎಂಬ ಹಳ್ಳಿಯ ಗುರುಗಳು. 1859ರ ಆಗಸ್ಟ್ 4ರಂದು ಆರ್ಸಿನ ಗುರುಗಳು ಪರಂಧಾಮವನ್ನೈದುವ ಮುನ್ನ ಅವರ ಕಡೆಯ ಪಾಪನಿವೇದನೆಯನ್ನು ಆಲಿಸಿದವರೂ ಅವರೇ. ಆ ಹಳ್ಳಿಯ ಗುರುವನ್ನು ಇಂದು ನೆನೆಯುವವರು ಎಷ್ಟು ಮಂದಿ?

ಇದೇ ಸಂತರ ಚರಿತ್ರೆಯಲ್ಲಿ ಕಹಿಯಾದ ಪುಟವೂ ಇದೆ, ಅದನ್ನು ಮುಚ್ಚಿಡುವುದು ತರವಲ್ಲ. ಸುತ್ತಲಿನ ಕೆಲವು ಗುರುಗಳು, ಈತನಿಗೆ ಸಾಕಷ್ಟು ವಿದ್ಯೆಯಿಲ್ಲವೆಂದು ಧರ್ಮಾಧ್ಯಕ್ಷರಿಗೆ ದೂರು ಬರೆದು ಸಹಿ ಸಂಗ್ರಹಿಸಿದರು. ಆ ಪತ್ರ ತಪ್ಪಿ ವಿಯಾನ್ನಿಯವರ ಕೈಗೇ ಬಂತು. ಅವರು ಅದಕ್ಕೆ ತಮ್ಮ ಸಹಿಯನ್ನೂ ಹಾಕಿ ಕಳುಹಿಸಿದರು. ಕೇಳಲು ಸೊಗಸಾದ ಕಥೆಯೇ. ಆದರೆ 1843ರಲ್ಲಿ, ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ, ಅವರು ಆರ್ಸನ್ನು ಬಿಟ್ಟು ರಾತ್ರೋರಾತ್ರಿ ಅಣ್ಣನ ಮನೆಗೆ ಹೊರಟುಹೋದರೆಂಬುದನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಸಂತನ ಹೆಗಲಿಗೂ ಭಾರ ಭಾರವೇ. ಗುರುಗಳ ನಡುವೆ ಅಸೂಯೆ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಯಾರ ಹಬ್ಬಕ್ಕೆ ಎಷ್ಟು ಜನ, ಯಾರ ದೇವಾಲಯದ ಗೋಪುರ ಎಷ್ಟು ಎತ್ತರ, ಯಾರಿಗೆ ಯಾವ ಊರಿಗೆ ವರ್ಗ ಎಂಬ ಲೆಕ್ಕಾಚಾರಗಳು ನಮ್ಮಲ್ಲಿಯೂ ಉಂಟು. ಒಂದೇ ಎಲೆಯ ಸಾಲಿನಲ್ಲಿ ಕುಳಿತು ಉಣ್ಣುವವರ ನಡುವೆ ಅದು ಬಹುಕಾಲ ಬಾಳುವುದಿಲ್ಲ.

ಜೊತೆಗಾರರಿಲ್ಲದ ಗುರುವಿನ ಸ್ಥಿತಿಯನ್ನು ಸಂತ ಚಾರ್ಲ್ಸ್ ದೆ ಫುಕೋ ಅವರಲ್ಲಿ ಕಾಣಬಹುದು. ಸಹಾರಾ ಮರುಭೂಮಿಯ ತಮನ್‌ರಾಸ್ಸೆಟ್‌ನಲ್ಲಿ ಅವರೊಬ್ಬರೇ ಗುರು, ಅವರೊಬ್ಬರೇ ಕ್ರೈಸ್ತರು. ಪೂಜೆಗೆ ಉತ್ತರ ಕೊಡುವವನೊಬ್ಬನಿಲ್ಲದೆ ಬಲಿಪೂಜೆ ಅರ್ಪಿಸಲು ಅಂದಿನ ಕಟ್ಟಳೆಯಲ್ಲಿ ಅವಕಾಶವಿರಲಿಲ್ಲ. ಹಾಗಾಗಿ 1907ರ ಕ್ರಿಸ್ಮಸ್ ಹಬ್ಬವೂ ಅವರಿಗೆ ಬಲಿಪೂಜೆಯಿಲ್ಲದೆ ಕಳೆಯಿತು. ಒಬ್ಬರೇ ಅರ್ಪಿಸಬಹುದೆಂಬ ಅನುಮತಿ ಕೈಸೇರಿದ್ದು 1908ರ ಜನವರಿ ಕೊನೆಯಲ್ಲಿ. ಸಹೋದರರಿಗಾಗಿ ಕಡೆಯವರೆಗೂ ಕಾದರು. ಯಾರೂ ಬಂದು ನಿಲ್ಲಲಿಲ್ಲ. 1916ರ ಡಿಸೆಂಬರ್ 1ರಂದು ಅವರ ಹತ್ಯೆಯಾಯಿತು. 2022ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. ಇಂದು ಅನೇಕ ದೇಶಗಳಲ್ಲಿ ಧರ್ಮಕೇಂದ್ರದ ಗುರುಗಳು ಚಿಕ್ಕ ಚಿಕ್ಕ ಕೂಟಗಳಾಗಿ, ಅವರ ಹಾದಿಯನ್ನನುಸರಿಸಿ, ಆರಾಧನೆಗೂ ಬಾಳಿನ ಆತ್ಮಾವಲೋಕನಕ್ಕೂ ಸೇರುತ್ತಾರೆ. ಬದುಕಿದ್ದಾಗ ದೊರೆಯದ ಸಹೋದರರು ಅವರಿಗೆ ಹೀಗೆ ದೊರೆತರು.

ನಮ್ಮ ಮೈಸೂರು ಸೀಮೆಯ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಒಂದುಗೂಡಿಸಲು ಬಂದ ಅಬ್ಬೆ ದುಬುವಾ ಅವರು ವರ್ಷಗಟ್ಟಲೆ ಊರಿಂದೂರಿಗೆ ಅಲೆದರು. 1823ರಲ್ಲಿ ಭಾರತವನ್ನು ಬಿಟ್ಟವರು ಪ್ಯಾರಿಸ್ಸಿನ ತಮ್ಮ ಮಿಷನ್ ಸಂಸ್ಥೆಯ ಗುರುಮಠದಲ್ಲಿ ಸಹಗುರುಗಳ ನಡುವೆ ಬಾಳಿ, 1848ರಲ್ಲಿ ನಿಧನರಾದರು. ಅಲೆದಾಟದ ಆ ವರ್ಷಗಳಲ್ಲಿ ಇಂತಹ ಒಂದು ಮನೆ ಅವರಿಗೆ ಇಲ್ಲಿ ಎಲ್ಲಿತ್ತು?

ಧರ್ಮಸಭೆಯು ಇದನ್ನು ಗುರುಗಳ ಇಷ್ಟಕ್ಕೆ ಬಿಟ್ಟಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ, ಗುರುಗಳ ಸೇವೆಯನ್ನು ಕುರಿತ ಶಾಸನದಲ್ಲಿ, ಒಂದೇ ಸೂರಿನಡಿ ಬಾಳುವುದನ್ನೋ, ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನೋ, ಅದೂ ಆಗದಿದ್ದರೆ ಆಗಾಗ ಸೇರುವುದನ್ನೋ ಹುರಿದುಂಬಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 555ನೆಯ ವಿಧಿ ಇನ್ನೂ ಸ್ಪಷ್ಟ. ವಲಯದ ಮುಖ್ಯ ಗುರುಗಳು ತಮ್ಮ ವಲಯದಲ್ಲಿ ತೀವ್ರ ಕಾಯಿಲೆಯಿಂದ ನರಳುವ ಗುರುವಿಗೆ ಆತ್ಮಿಕ ಹಾಗೂ ಲೌಕಿಕ ನೆರವು ತಪ್ಪದಂತೆ ನೋಡಿಕೊಳ್ಳಬೇಕು. ಅವನು ಸತ್ತರೆ ಅಂತ್ಯಕ್ರಿಯೆ ಗೌರವದಿಂದ ನಡೆಯಬೇಕು. ಜ್ಞಾನಸ್ನಾನದ ಪುಸ್ತಕಗಳೇ ಮೊದಲಾದ ದಾಖಲೆಗಳು ಕಳೆಯಬಾರದು. ಕಾನೂನಿನ ಒಣ ಭಾಷೆಯೇ ಸರಿ, ಆದರೂ ಒಂಟಿಯಾಗಿ ಸಾಯುವ ಹಳ್ಳಿಯ ಗುರುವನ್ನು ಕಂಡವರೇ ಅದನ್ನು ಬರೆದಿರಬೇಕು ಎಂದು ನಮಗೆ ತೋರುತ್ತದೆ.

ಇನ್ನು ಆ ಮಂಗಳವಾರ ನಾವು ಮಾಡುವುದೇನು? ಒಂದು ಗಂಟೆ ಪರಮ ಪ್ರಸಾದದ ಮುಂದೆ ಮೌನ. ಒಬ್ಬರು ಮತ್ತೊಬ್ಬರಲ್ಲಿ ಪಾಪನಿವೇದನೆ. ಮುಂಬರುವ ಭಾನುವಾರಗಳ ಶುಭಸಂದೇಶವನ್ನು ಒಟ್ಟಿಗೆ ಓದುವುದು. ನಿಮಗೆ ಒಳ್ಳೆಯ ಪ್ರಬೋಧನೆ ಎನಿಸಿದ್ದು ಎಷ್ಟೋ ಸಾರಿ ಪಕ್ಕದ ಊರಿನ ಗುರುಗಳ ಚಿಂತನೆಯೇ ಆಗಿರುತ್ತದೆ. ಬಳಿಕ ಊಟ. ಊಟದ ನಂತರ ಸ್ಮಶಾನದ ಜಮೀನಿನ ಪಹಣಿ, ಶಾಲೆಯ ಸೋರುವ ಮಾಡು, ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಯುವಕರು, ಎಲ್ಲವೂ ಬರುತ್ತವೆ. ನಗುವೂ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಕಿರಿಯ ಗುರು ಎರಡು ತಿಂಗಳು ಸತತವಾಗಿ ಈ ಕೂಟಕ್ಕೆ ಬರಲಿಲ್ಲ. ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಎಂದರು. ದನಿ ಹಾಗೆ ಹೇಳಲಿಲ್ಲ. ನಮ್ಮಲ್ಲಿ ಒಬ್ಬರು ಸಂಜೆಯೇ ಮೋಟಾರ್ ಸೈಕಲ್ ಹತ್ತಿ ಹೋದರು. ಆ ಕಿರಿಯರು ದೀಪ ಹಚ್ಚದೆ ಕುಳಿತಿದ್ದರು. ಒಲೆ ಹೊತ್ತಿಸಿ ಎಷ್ಟು ದಿನವಾಗಿತ್ತೋ. ಹೋದವರು ಬುದ್ಧಿ ಹೇಳಲಿಲ್ಲ. ಅನ್ನ ಮಾಡಿ ಬಡಿಸಿ, ಮೂರು ದಿನ ಅಲ್ಲಿಯೇ ಉಳಿದರು. ಆ ಮೂರು ದಿನ ಹೋದವರ ಧರ್ಮಕೇಂದ್ರದಲ್ಲಿ ಬೆಳಗಿನ ಪೂಜೆ ಇರಲಿಲ್ಲ. ಅಲ್ಲಿನ ಜನರು ಗೊಣಗಲೂ ಇಲ್ಲ. ಆ ಕಿರಿಯ ಗುರು ಇಂದಿಗೂ ಗುರುವಾಗಿಯೇ ಸೇವೆ ಸಲ್ಲಿಸುತ್ತಿದ್ದಾರೆ.

ಆದುದರಿಂದ ಹಿರಿಯರೇ, ಆ ಮಂಗಳವಾರವನ್ನು ನಮಗೆ ಬಿಟ್ಟುಕೊಡಿ. ದೇವಾಲಯದ ಬೀಗದ ಕೈ ಉಪದೇಶಿಗಳ ಮನೆಯಲ್ಲಿರುತ್ತದೆ, ಸಂಜೆಯ ಜಪಸರವನ್ನು ಅವರೇ ನಡೆಸುತ್ತಾರೆ. ರೋಗಿಗಳ ಅಭ್ಯಂಗಕ್ಕೆ ಅವಸರವಾದರೆ ಫೋನ್ ಮಾಡಿ. ಅಂದು ನಾವೆಲ್ಲರೂ ಒಂದೇ ಕಡೆ ಇರುವುದರಿಂದ, ಹತ್ತಿರದ ದಾರಿ ಬಲ್ಲವರು ತಕ್ಷಣ ಹೊರಡುತ್ತಾರೆ. ಮುಂದಿನ ತಿಂಗಳ ಕೂಟ ನಮ್ಮ ಗುರುಮನೆಯಲ್ಲಿಯೇ ನಡೆಯಲಿದೆ. ಅಡುಗೆಗೆ ಇಬ್ಬರು ತಾಯಂದಿರು ಒಪ್ಪಿದ್ದಾರೆ, ಇನ್ನಿಬ್ಬರು ಬೇಕು. ಬರುವವರು ಭಾನುವಾರದ ಪೂಜೆಯ ನಂತರ ಉಪದೇಶಿಗಳಿಗೆ ತಿಳಿಸಿರಿ.