ಮಗುವಿನ ಕೆಮ್ಮು ಬೊಗಳಿದಂತೆ ಕೇಳಿದಾಗ



ಸಂಜೆಯವರೆಗೆ ಕೇವಲ ನೆಗಡಿಯಿದ್ದ ಮಗು ನಡುರಾತ್ರಿ ಎದ್ದು ನಾಯಿ ಬೊಗಳಿದಂತೆ ಕೆಮ್ಮತೊಡಗುತ್ತದೆ. ಧ್ವನಿ ಒಡೆದಿರುತ್ತದೆ. ವೈದ್ಯರು ಇದನ್ನು ಕ್ರೂಪ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದನ್ನೇ ನಾಯಿಕೆಮ್ಮೆಂದು ಭಾವಿಸುವುದುಂಟು. ಆದರೆ ವಾರಗಟ್ಟಲೆ ಕಾಡುವ ನಾಯಿಕೆಮ್ಮು ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಕ್ರೂಪ್ ಸಾಮಾನ್ಯವಾಗಿ ವೈರಸ್ಸಿನಿಂದ ಬರುತ್ತದೆ. 6 ತಿಂಗಳಿನಿಂದ 3 ವರ್ಷದ ಮಕ್ಕಳಲ್ಲಿ ಹೆಚ್ಚು. ಆದ್ದರಿಂದ ಆ್ಯಂಟಿಬಯೋಟಿಕ್ ಆಗಲಿ, ಅಂಗಡಿಯ ಕೆಮ್ಮಿನ ಸಿರಪ್ ಆಗಲಿ ಇದಕ್ಕೆ ಮದ್ದಲ್ಲ.

ಧ್ವನಿಪೆಟ್ಟಿಗೆಯೂ ಅದರ ಕೆಳಗಿನ ಶ್ವಾಸನಾಳವೂ ಊದಿಕೊಳ್ಳುವುದೇ ಈ ರೋಗದ ಮೂಲ. ದೊಡ್ಡವರಿಗೆ ಗಂಟಲು ಕಟ್ಟುವಷ್ಟರ ಊತ, ಎಳೆಯ ಮಗುವಿನ ಕಿರಿದಾದ ಉಸಿರುದಾರಿಯನ್ನೇ ಇಕ್ಕಟ್ಟಾಗಿಸುತ್ತದೆ. ಅತ್ತರೆ ಉಸಿರಾಟ ಮತ್ತಷ್ಟು ಕಷ್ಟವಾಗುತ್ತದೆ. ಮನೆಮಂದಿಯೆಲ್ಲ ಸುತ್ತುವರಿದು ಗಾಬರಿಪಡುವುದು ಮಗುವಿಗೆ ಅಪಕಾರವೇ ಸರಿ. ತಾಯಿ ಅದನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿ ಸಂತೈಸಲಿ, ಗುಟುಕು ಗುಟುಕಾಗಿ ನೀರು ಕುಡಿಸಲಿ. ಬಿಸಿನೀರಿನ ಹಬೆಯಿಂದ ಲಾಭವಿದೆಯೆಂಬುದು ಸಿದ್ಧಪಟ್ಟಿಲ್ಲ. ಮೈ ಸುಡುವ ಅಪಾಯವಂತೂ ಇದ್ದೇ ಇದೆ. ಲೋಬಾನದ ಹೊಗೆ, ಸೊಳ್ಳೆಬತ್ತಿ, ಬೀಡಿ ಇವೆಲ್ಲ ಆ ಕೋಣೆಯಿಂದ ದೂರವಿರಲಿ.

ಕೆಮ್ಮು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಉಸಿರು ಒಳಗೆಳೆಯುವಾಗಿನ ಸದ್ದಿಗೆ ಕಿವಿಗೊಡಬೇಕು. ಅಳದೆ ಸುಮ್ಮನಿರುವಾಗಲೂ ಕರ್ಕಶ ಸದ್ದು ಕೇಳಿಸಿದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೀವ್ರ ಜ್ವರದೊಂದಿಗೆ ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರಂತೂ ಅದು ಕ್ರೂಪ್ ಅಲ್ಲದ, ಇನ್ನೂ ಅಪಾಯಕಾರಿಯಾದ ಸೋಂಕಿರಬಹುದು; ಬಾಯೊಳಗೆ ಬೆರಳೋ ಚಮಚವೋ ಹಾಕಿ ಗಂಟಲು ನೋಡಬೇಡಿ. ಇಂತಹ ಸೋಂಕಿನ ಮುಖ್ಯ ಕಾರಣವಾದ ಹಿಬ್ ಬ್ಯಾಕ್ಟೀರಿಯಾಕ್ಕೂ, ಗಂಟಲಮಾರಿ, ನಾಯಿಕೆಮ್ಮುಗಳಿಗೂ 6, 10, 14ನೇ ವಾರಗಳಲ್ಲಿ ಉಚಿತವಾಗಿ ಹಾಕುವ ಪೆಂಟಾವೇಲೆಂಟ್ ಲಸಿಕೆ ರಕ್ಷಣೆ ನೀಡುತ್ತದೆ. ಅದನ್ನು ತಪ್ಪಿಸುವವರು ಯಾವ ಅಪಾಯವನ್ನು ಮಗುವಿನ ಮೇಲೆ ಹೇರುತ್ತಿದ್ದೇವೆಂದು ಯೋಚಿಸಲಿ.

ಕ್ರೂಪ್‌ಗೆ ವೈದ್ಯರು ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಹೆಚ್ಚಾಗಿ ಒಂದೇ ಡೋಸು ಸಾಕಾಗುತ್ತದೆ. ಸ್ಟಿರಾಯ್ಡ್ ಎಂಬ ಹೆಸರು ಕೇಳಿಯೇ ಬೆದರಬೇಕಾಗಿಲ್ಲ. ಉಲ್ಬಣಿಸಿದಾಗ ನೆಬ್ಯುಲೈಜರ್ ಮೂಲಕ ಅಡ್ರಿನಲಿನ್ ಕೊಟ್ಟು ಕೆಲವು ಗಂಟೆ ನಿಗಾ ಇಡುತ್ತಾರೆ. ಆಗ ಮನೆಗೆ ಕಳುಹಿಸೆಂದು ಅವಸರಿಸಬಾರದು, ಅದರ ಪರಿಣಾಮ ಬೇಗ ಇಳಿಯುತ್ತದೆ.

ಇನ್ನೊಂದು ವಿಷಯವನ್ನು ಬಿಚ್ಚಿ ಹೇಳಬೇಕಾಗಿದೆ. ಪತಿ ಗಲ್ಫ್‌ನಲ್ಲಿರುತ್ತಾರೆ, ಮನೆಯಲ್ಲಿ ಅತ್ತೆ ಸೊಸೆ ಮಾತ್ರ. ಅಪರಾತ್ರಿಯಲ್ಲಿ ಹೆಂಗಸರಷ್ಟೇ ಹೊರಡುವುದು ಹೇಗೆಂದು ಬೆಳಗಿನವರೆಗೆ ಕಾಯುತ್ತಾರೆ. ಉಸಿರಿಗಾಗಿ ಹೆಣಗುವ ಮಗುವಿಗೆ ಬೆಳಗಿನವರೆಗಿನ ಅವಕಾಶವಿರುವುದಿಲ್ಲ. ಅಂಥ ಸೊಸೆಯನ್ನು ತಡೆಯಬೇಡಿ, ಜೊತೆಗೆ ಹೊರಡಿ. ಈ ರೋಗ ಎರಡನೆಯ ರಾತ್ರಿಯೂ ಮರುಕಳಿಸಬಹುದು. ರಾತ್ರಿ ವೈದ್ಯರೂ ಆಮ್ಲಜನಕವೂ ಇರುವ ಆಸ್ಪತ್ರೆ ಯಾವುದು, ಕರೆದರೆ ಬರುವ ಆಟೋ ಯಾರದು ಎಂಬುದನ್ನು ಹಗಲಿನಲ್ಲೇ ತಿಳಿದುಕೊಂಡು, 108ರ ಜೊತೆ ಆ ನಂಬರುಗಳನ್ನೂ ಅಡುಗೆಮನೆಯ ಗೋಡೆಗೆ ಅಂಟಿಸಿಡಿ.