ಹೋಶ್‌ರುಬಾದ ದಂಗೆ



ಮಾಯಾಲೋಕದ ಸಾಮ್ರಾಜ್ಯ, ಅದರ ವಿರುದ್ಧ ಎದ್ದ ದಂಗೆ ಎಂದ ಕೂಡಲೇ ನಮ್ಮ ಹುಡುಗರಿಗೆ ಇಂಗ್ಲಿಷ್ ಕಾದಂಬರಿ, ಸಿನಿಮಾಗಳು ನೆನಪಾಗುತ್ತವೆ. ನಾನು ಇವತ್ತು ಹೇಳಹೊರಟಿರುವುದು 1883ರಿಂದ 1893ರ ನಡುವೆ ಲಖನೌದ ನವಲ್ ಕಿಶೋರ್ ಪ್ರೆಸ್ಸಿನಲ್ಲಿ ಅಚ್ಚಾದ ಉರ್ದು ಕಥೆಯೊಂದನ್ನು: ‘ತಿಲಿಸ್ಮ್-ಎ-ಹೋಶ್‌ರುಬಾ’. ವೀರ ಅಮೀರ್ ಹಂಜಾನ ದಾಸ್ತಾನಿನ, ಅಂದರೆ ಅವನ ಸಾಹಸಗಳ ನೀಳ್ಗಥೆಯ, 46 ಸಂಪುಟಗಳಲ್ಲಿ ಜನ ಹೆಚ್ಚು ಮೆಚ್ಚಿದ ಭಾಗ ಇದೇ. ಹೋಶ್‌ರುಬಾದ ಮೊದಲ ನಾಲ್ಕು ಸಂಪುಟ ಬರೆದವರು ಮುಹಮ್ಮದ್ ಹುಸೇನ್ ಜಾಹ್, ಮುಂದಿನದನ್ನು ಪೂರೈಸಿದವರು ಅಹ್ಮದ್ ಹುಸೇನ್ ಕಮರ್. ಇಬ್ಬರೂ ದಾಸ್ತಾನ್‌ಗೋಗಳು, ಅಂದರೆ ಜನರ ಮುಂದೆ ಕೂತು ಕಥೆ ಹೇಳುತ್ತಿದ್ದವರು. ತಾಳಮದ್ದಳೆಯಲ್ಲಿ ಅರ್ಥಧಾರಿ ಒಂದು ಪ್ರಸಂಗವನ್ನು ರಾತ್ರಿಯಿಡೀ ಬೆಳೆಸುತ್ತಾನಲ್ಲ, ಹಾಗೆ ಇವರೂ ಒಂದೊಂದು ಸಂದರ್ಭವನ್ನು ಬೆಳೆಸುತ್ತಿದ್ದರು. ಸಾವಿರಾರು ಪುಟ ಆದದ್ದು ಹಾಗೆ.

ತಿಲಿಸ್ಮ್ ಎಂದರೆ ಮಾಂತ್ರಿಕರು ಕಟ್ಟಿದ ಲೋಕ. ಹೊಕ್ಕವನಿಗೆ ಹೊರಬರುವ ದಾರಿ ಸಿಗದು. ಹೋಶ್‌ರುಬಾದಲ್ಲಿ ಕಣ್ಣಿಗೆ ಕಾಣುವ ನಾಡು ಒಂದು, ಮರೆಯಲ್ಲಿರುವ ನಾಡು ಇನ್ನೊಂದು, ಇವೆರಡರ ಆಚೆ ಕತ್ತಲೆಯ ನಾಡು. ಕಾಣುವುದಕ್ಕೂ ಕಾಣದ್ದಕ್ಕೂ ನಡುವೆ ಹರಿಯುವುದು ರಕ್ತದ ಹೊಳೆ. ಇದಿಷ್ಟಕ್ಕೂ ಚಕ್ರವರ್ತಿ ಅಫ್ರಾಸಿಯಾಬ್. ಅವನ ಹತ್ತಿರ ಸಾಮರಿಯ ಪುಸ್ತಕ ಎಂಬ ಒಂದು ಗ್ರಂಥವಿದೆ. ತೆರೆದು ನೋಡಿದರೆ ಸಾಕು, ಎಲ್ಲಿ ಏನು ನಡೆಯುತ್ತಿದೆಯೆಂದು ಅದರಲ್ಲಿ ಮೂಡುತ್ತದೆ. ಗೂಢಚಾರರೇ ಬೇಕಿಲ್ಲದ ಪ್ರಭುತ್ವ. ಇಂಥದ್ದರ ವಿರುದ್ಧ ದಂಗೆ ಏಳುವುದಾದರೂ ಹೇಗೆ?

ಹೊರಗಿನಿಂದ ಏಳುವುದಿಲ್ಲ ಎನ್ನುವುದೇ ಈ ಕಥೆಯ ಹೆಚ್ಚುಗಾರಿಕೆ. ಹಂಜಾನ ಮೊಮ್ಮಗ ಅಸದ್ ತಿಲಿಸ್ಮನ್ನು ಗೆಲ್ಲಬೇಕೆಂದು ವಿಧಿ ಗೊತ್ತುಮಾಡಿದ ವೀರ, ನಿಜ. ಆದರೆ ಅವನು ಸೆರೆಗೆ ಬೀಳುತ್ತಾನೆ, ಹಂಜಾನ ದಂಡು ಗಡಿಯ ಆಚೆಯೇ ಇರುತ್ತದೆ. ದಂಗೆಯ ಬಾವುಟ ಹಿಡಿಯುವವರು ಅಫ್ರಾಸಿಯಾಬನ ಸ್ವಂತ ಬಳಗದವರು. ಮಹ್‌ರುಖ್ ಎಂಬ ಹಿರಿಯ ಮಾಂತ್ರಿಕೆ ಬಂಡಾಯದ ಪಡೆಯನ್ನು ನಡೆಸುತ್ತಾಳೆ. ಚಕ್ರವರ್ತಿನಿ ಹೈರತ್‌ಳ ಒಡಹುಟ್ಟಿದ ಬಹಾರ್ ಕೂಡ ಅರಮನೆ ತೊರೆದು ಇವರನ್ನು ಸೇರುತ್ತಾಳೆ. ಬಹಾರ್ ಹೂಗುಚ್ಛ ಎಸೆದರೆ ರಣರಂಗದಲ್ಲಿ ವಸಂತ ಇಳಿಯುತ್ತದೆ. ಗಾಳಿ ಘಮಘಮಿಸುತ್ತದೆ, ಎದುರಾಳಿ ಸೈನಿಕರು ಅವಳಿಗೆ ಮರುಳಾಗಿ ತಮ್ಮವರ ಮೇಲೆಯೇ ಕತ್ತಿ ಬೀಸುತ್ತಾರೆ. ಸಾಮ್ರಾಜ್ಯದ ಬಲವೆಲ್ಲ ಇಂಥವರ ವಿದ್ಯೆಯಿಂದಲೇ ನಿಂತದ್ದು. ಅವರು ಎದ್ದುಹೋದರೆ ಸಿಂಹಾಸನ ಇದ್ದಲ್ಲೇ ಇದ್ದರೂ ಅದರ ಕೆಳಗಿನ ನೆಲ ಜಾರತೊಡಗುತ್ತದೆ. ಅಫ್ರಾಸಿಯಾಬನಿಗೆ ಪುಸ್ತಕದಲ್ಲಿ ಸುದ್ದಿ ಸಿಗುತ್ತದೆ, ನಿಷ್ಠೆ ಸಿಗುವುದಿಲ್ಲ. ಒಬ್ಬರ ಹಿಂದೆ ಒಬ್ಬರಂತೆ ಮಾಂತ್ರಿಕರನ್ನು ಅಟ್ಟುತ್ತಲೇ ಇರುತ್ತಾನೆ. ಹಾಗೆ ಬಂದವರಲ್ಲಿ ಕೆಲವರು ಸಾಯುತ್ತಾರೆ, ಕೆಲವರು ಪಕ್ಷ ಬದಲಿಸುತ್ತಾರೆ.

ಬಂಡಾಯಗಾರರಿಗೆ ಇನ್ನೊಂದು ಆಸರೆ ಅಮರ್ ಅಯ್ಯಾರ್. ಅಯ್ಯಾರರು ವೇಷ ಮರೆಸುವುದರಲ್ಲಿ, ಬೇಹುಗಾರಿಕೆಯಲ್ಲಿ ನಿಸ್ಸೀಮರು. ಅಮರ್ ಮಂತ್ರ ಕಲಿತವನಲ್ಲ. ಏನು ಹಾಕಿದರೂ ತುಂಬದ ಅವನ ಚೀಲ, ಕಣ್ಮರೆಯಾಗಿಸುವ ಕಂಬಳಿ, ಇವು ಪವಾಡದ ವಸ್ತುಗಳೇ. ಆದರೂ ಅವನ ನಿಜವಾದ ಆಯುಧ ಕಣ್ಣು, ಕೈ, ಮಾತು. ಹಾಡುಗಾರ್ತಿಯಾಗಿ, ಮುದುಕಿಯಾಗಿ, ಸೇವಕನಾಗಿ ಬಿಡಾರದ ಒಳಗೆ ನುಸುಳುತ್ತಾನೆ, ಮದ್ದು ಬೆರೆಸಿದ ಮದ್ಯ ಕುಡಿಸುತ್ತಾನೆ. ಮಾಂತ್ರಿಕ ಪ್ರಜ್ಞೆ ತಪ್ಪಿ ಬಿದ್ದೊಡನೆ ಮಾಡುವ ಮೊದಲ ಕೆಲಸ ನಾಲಿಗೆಗೆ ಸೂಜಿ ಚುಚ್ಚುವುದು. ನಾಲಿಗೆ ಹೊರಳದಿದ್ದರೆ ಮಂತ್ರವಿಲ್ಲ. ಬೆಟ್ಟಗಳನ್ನೇ ಕುಣಿಸಿದವನು ಒಂದು ಸೂಜಿಯ ಮುಂದೆ ಮೂಕನಾಗುತ್ತಾನೆ.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡುವುದು ಮಾಂತ್ರಿಕರ ಸಾವು. ದೊಡ್ಡ ಮಾಂತ್ರಿಕನೊಬ್ಬ ಸತ್ತಾಗ ಹಗಲಿಗೆ ಕತ್ತಲು ಕವಿಯುತ್ತದೆ, ಬಿರುಗಾಳಿ ಏಳುತ್ತದೆ, ಕತ್ತಲೊಳಗಿಂದ ಒಂದು ದನಿ ಕೂಗುತ್ತದೆ: ಕೊಂದರು ನನ್ನನ್ನು, ನನ್ನ ಹೆಸರು ಇಂಥದ್ದು. ಖಳನಾದರೇನು, ಹೆಸರಿಲ್ಲದೆ ಸಾಯಲು ದಾಸ್ತಾನ್ ಅವನನ್ನು ಬಿಡುವುದಿಲ್ಲ. ಯುದ್ಧದ ಕಥೆಗಳಲ್ಲಿ ಎದುರು ಪಾಳೆಯದ ಹೆಣಗಳಿಗೆ ಈ ಮರ್ಯಾದೆ ಸಿಗುವುದು ಅಪರೂಪ.

ಇದರ ಕೊರತೆಯನ್ನೂ ಹೇಳಬೇಕು. ಬಂಡೆದ್ದವರು ಸ್ವತಂತ್ರರಾಗುವುದಿಲ್ಲ, ಹಂಜಾನ ಧರ್ಮ ಸ್ವೀಕರಿಸಿ ಅವನ ಪಕ್ಷದವರಾಗುತ್ತಾರೆ. ಹಂಜಾನೂ ದಿಗ್ವಿಜಯಿಯೇ. ಒಂದು ಸಾಮ್ರಾಜ್ಯ ಬೀಳುವಾಗ ಇನ್ನೊಂದು ಬಾಗಿಲಲ್ಲಿ ಕಾದಿರುತ್ತದೆ. ಕಥೆ ಇದನ್ನು ಪ್ರಶ್ನಿಸುವುದಿಲ್ಲ, ನಾವು ಪ್ರಶ್ನಿಸಬೇಕು.

ಇನ್ನು ಈ ಕಥೆ ಅಚ್ಚಾದ ಊರಿನ ಮಾತು. 1856ರಲ್ಲಿ ಕಂಪನಿ ಸರ್ಕಾರ ಲಖನೌ ಸೇರಿದ್ದ ಅವಧ್ ರಾಜ್ಯವನ್ನು ನುಂಗಿತು. ನವಾಬ ವಾಜಿದ್ ಅಲಿ ಶಾ ಕಲ್ಕತ್ತೆಯ ಮಟಿಯಾಬುರ್ಜ್ ಸೇರಿದ. 1857ರಲ್ಲಿ ಲಖನೌದ ದಂಗೆಗೆ ಬೇಗಂ ಹಜ್ರತ್ ಮಹಲ್ ಮುಂದಾಳಾಗಿ, ಮಗ ಬಿರ್ಜಿಸ್ ಕದ್ರ್‌ನನ್ನು ಪಟ್ಟಕ್ಕೆ ಕೂರಿಸಿದಳು. ಇದಾಗಿ 26 ವರ್ಷಕ್ಕೆ ಅದೇ ಊರಿನಲ್ಲಿ ಮೊದಲ ಸಂಪುಟ ಬಂತು. ಮಹ್‌ರುಖ್ ಎಂದರೆ ಹಜ್ರತ್ ಮಹಲ್, ಅಫ್ರಾಸಿಯಾಬ್ ಎಂದರೆ ಕಂಪನಿ ಎಂದು ಗೆರೆ ಎಳೆಯಲು ನಾನು ಒಪ್ಪುವುದಿಲ್ಲ, ಕಥೆ ಅಷ್ಟು ಬಡವಲ್ಲ. ಆದರೆ ಸೋತ ದಂಗೆಯ ನೆನಪು ಮಾಸದ ಜನ, ಒಬ್ಬ ಹೆಂಗಸು ಸಾಮ್ರಾಟನ ಎದುರು ಸಂಪುಟದಿಂದ ಸಂಪುಟಕ್ಕೆ ನಿಂತೇ ಇರುವ ಕಥೆಯನ್ನು ಕಿವಿಗೊಟ್ಟು ಕೇಳಿದರು ಎಂಬುದನ್ನು ಮರೆತು ಅದನ್ನು ಓದಲಾರೆ.

ಹಳೆಯ ಪರಂಪರೆಯ ಕೊನೆಯ ದೊಡ್ಡ ಕಥೆಗಾರ ಮೀರ್ ಬಾಕರ್ ಅಲಿ 1928ರಲ್ಲಿ ದಿಲ್ಲಿಯಲ್ಲಿ ತೀರಿಕೊಂಡರು. ಮುಂದೆ ಉರ್ದು ವಿಮರ್ಶಕ ಶಂಸುರ್ ರಹಮಾನ್ ಫಾರೂಕಿ ಈ ಸಂಪುಟಗಳನ್ನು ಹುಡುಕಿ ಕಲೆಹಾಕಿ ಓದಿದರು. 2005ರಲ್ಲಿ ಮಹಮೂದ್ ಫಾರೂಕಿ ಅದೇ ಕಥೆಗಳನ್ನು ಮತ್ತೆ ರಂಗಕ್ಕೆ ತಂದರು. ನಮ್ಮ ನಾಡಿನಲ್ಲಿ ಉರ್ದು, ಕನ್ನಡ ಎರಡನ್ನೂ ಮನೆಮಾತಿನಂತೆ ಆಡುವವರು ಬೇಕಾದಷ್ಟು ಜನರಿದ್ದಾರೆ. ಈ ಸಭೆಯಲ್ಲೂ ಇರಬಹುದು. ಅವರಲ್ಲಿ ನನ್ನದೊಂದು ಬೇಡಿಕೆ: ಇಡೀ ಹೋಶ್‌ರುಬಾ ಬೇಡ, ಮಹ್‌ರುಖ್ ಮತ್ತು ಬಹಾರ್ ದಂಗೆಯೇಳುವ ಭಾಗವನ್ನಾದರೂ ಕನ್ನಡಕ್ಕೆ ತನ್ನಿ. ಅಚ್ಚಿಗೆ ಕೊಡುವ ಮೊದಲು ಹೀಗೇ ಒಂದು ಸಂಜೆ ಕೂತು ಗಟ್ಟಿಯಾಗಿ ಓದಿ ಹೇಳಿ. ಕೇಳಲು ನಾನು ಬರುತ್ತೇನೆ.