ಹಳೆ ಪಿಕಪ್ ಗಾಡಿ ಕೊಳ್ಳುವಾಗ ಮೊದಲು ಇಂಜಿನ್ ನೋಡಿ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣದ ಬರಹರೂಪ)



ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ತಾಲೂಕಿನಲ್ಲಿ ಮೀನು, ತರಕಾರಿ, ತೆಂಗಿನಕಾಯಿ, ಮಲ್ಲಿಗೆ ವ್ಯಾಪಾರ ಮಾಡುವ ಸದಸ್ಯೆಯರು ಬಹಳ ಜನ ಇದ್ದೀರಿ. ದಿನಾ ಬಾಡಿಗೆ ಗಾಡಿಗೆ ಕೊಡುವ ದುಡ್ಡಿನಲ್ಲಿ ಸ್ವಂತ ಗಾಡಿಯ ಕಂತು ಕಟ್ಟಬಹುದಲ್ಲ ಅಂತ ಅನಿಸುವುದು ಸಹಜ. ಹೊಸದಕ್ಕೆ ಹಣ ಸಾಲದು, ಹಳೆಯದನ್ನು ಹುಡುಕುತ್ತೇವೆ. ಆದರೆ ಸಾಲ ಸಂಘದ ಹೆಸರಿನಲ್ಲಿ ಇರುತ್ತದೆ. ಇಂಜಿನ್ ಕೈಕೊಟ್ಟರೆ ಗಾಡಿ ಗ್ಯಾರೇಜಿನಲ್ಲಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆ ತಿಂಗಳು ಉಳಿದವರ ಉಳಿತಾಯಕ್ಕೆ ಕೈ ಹಾಕಬೇಕಾಗುತ್ತದೆ. ಹಾಗಾಗಿ ಬಣ್ಣ, ಸೀಟು, ಸೌಂಡ್ ಬಾಕ್ಸ್ ಎಲ್ಲ ಆಮೇಲೆ.

ಯಾವ ಇಂಜಿನ್ ಒಳ್ಳೆಯದು ಅಂತ ಕೇಳುತ್ತೀರಿ. ಅದಕ್ಕೆ ಮೊದಲು, ಯಾವ ರಸ್ತೆಯಲ್ಲಿ ಎಷ್ಟು ಭಾರ ಹೊರಿಸುತ್ತೀರಿ ಅಂತ ನೀವೇ ಹೇಳಬೇಕು. 2005ರಲ್ಲಿ ಬಂದ ಟಾಟಾ ಏಸ್ ಗಾಡಿಗೆ 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಇಂಜಿನ್. ಬಲ ಸುಮಾರು 16 ಹೆಚ್.ಪಿ., ಹೊರುವ ಭಾರ ಮುಕ್ಕಾಲು ಟನ್ ಆಸುಪಾಸು. ಕಾಸರಕೋಡಿನಿಂದ ಹೊನ್ನಾವರ ಪೇಟೆಗೆ, ಮುರ್ಡೇಶ್ವರದಿಂದ ಭಟ್ಕಳ ಸಂತೆಗೆ ಅದು ಧಾರಾಳ ಸಾಕು. ಆದರೆ ಲೋಡು ತುಂಬಿಕೊಂಡು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇನೆ, ಅಥವಾ ಗೇರುಸೊಪ್ಪೆ ಘಟ್ಟ ಹತ್ತುತ್ತೇನೆ ಅಂದರೆ ಅದು ಫಸ್ಟ್ ಗೇರಿನಲ್ಲೇ ತೆವಳುತ್ತದೆ, ಬಿಸಿಯಾಗುತ್ತದೆ. ಅಂಥವರಿಗೆ ಬೊಲೆರೊ ಪಿಕಪ್‌ನಂಥ ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಬೇಕು. ಅದರ ಡೀಸೆಲ್ ಖರ್ಚೂ ಹೆಚ್ಚು, ನೋಡಿ. ವಾರಕ್ಕೊಮ್ಮೆ ಮಾತ್ರ ಘಟ್ಟ ಹತ್ತುವವರು ಅವತ್ತೊಂದು ದಿನ ಬಾಡಿಗೆ ಗಾಡಿ ಹಿಡಿಯುವುದೇ ಲಾಭ ಅಂತ ನನ್ನ ಅಭಿಪ್ರಾಯ.

ಗಾಡಿ ಯಾವ ವರ್ಷದ್ದು ಅನ್ನುವುದೂ ಮುಖ್ಯ. ಬಿಎಸ್ 4 ನಿಯಮ ದೇಶದಾದ್ಯಂತ 2017ರ ಏಪ್ರಿಲ್‌ನಿಂದ, ಬಿಎಸ್ 6 ನಿಯಮ 2020ರ ಏಪ್ರಿಲ್‌ನಿಂದ ಜಾರಿಗೆ ಬಂತು. ಬಹಳ ಹಳೆಯ ಇಂಜಿನುಗಳಲ್ಲಿ ಡೀಸೆಲ್ ಪಂಪು ಪೂರ್ತಿ ಯಂತ್ರದ್ದು. ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಪಂಪಿನ ಅಂಗಡಿಗೆ ಒಯ್ದು ಸರಿಮಾಡಿಸುತ್ತಾನೆ. ಆಮೇಲೆ ಬಂದ ಕಾಮನ್ ರೈಲ್ ಇಂಜಿನ್ ಓಡಲು ನಯ, ಎಳೆತ ಜಾಸ್ತಿ. ಆದರೆ ಸೆನ್ಸರ್, ಇಂಜೆಕ್ಟರ್ ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡುವವರೇ ಬೇಕು, ಒಂದೊಂದು ಇಂಜೆಕ್ಟರಿಗೂ ಸಾವಿರಾರು ರೂಪಾಯಿ. ಬಿಎಸ್ 6 ಡೀಸೆಲ್ ಗಾಡಿಗಳು ಅನೇಕದರಲ್ಲಿ ಸೈಲೆನ್ಸರಿಗೆ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದಿನಾ ಎರಡು-ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಪೇಟೆಯೊಳಗೇ ತಿರುಗುವವರು ಪೆಟ್ರೋಲ್ ಏಸ್ ಕೂಡ ನೋಡಬಹುದು. ನಿಮ್ಮ ಊರಿನ ಮೆಕ್ಯಾನಿಕ್ ಯಾವ ಇಂಜಿನ್ ಕೈಯಾರೆ ಬಿಚ್ಚುತ್ತಾನೋ ಅದನ್ನೇ ಆರಿಸಿದರೆ ಕೆಟ್ಟ ದಿನವೇ ಗಾಡಿ ರಿಪೇರಿಯಾಗಿ ಹೊರಡುತ್ತದೆ.

ನೋಡಲು ಬೆಳಿಗ್ಗೆ ಬೇಗ ಹೋಗಿ, ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋಗಿ. ಬಾನೆಟ್ ಮೇಲೆ, ಏಸ್ ಆದರೆ ಸೀಟಿನ ಅಡಿ, ಕೈ ಇಟ್ಟು ನೋಡಿ. ಆಗಲೇ ಬಿಸಿ ಇದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಾಗುವವರೆಗೆ ಕೂತುಕೊಳ್ಳಿ, ಚಹಾ ಕುಡಿಯಿರಿ. ತಣ್ಣಗಿನ ಇಂಜಿನ್ ಬೇಗ ಸ್ಟಾರ್ಟ್ ಆಗಬೇಕು. ಹೊಗೆ ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಏರ್ ಫಿಲ್ಟರ್ ಕಟ್ಟಿದ್ದಕ್ಕೂ ಬರುತ್ತದೆ, ಇಂಜೆಕ್ಟರ್ ಕೆಟ್ಟಿದ್ದಕ್ಕೂ ಬರುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಅನುಮಾನ ಪಡಿ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ಬುಸು ಬುಸು ಹೊಗೆ ಬರಬಾರದು; ಬಂದರೆ ಪಿಸ್ಟನ್, ರಿಂಗು ಸವೆದಿದೆ. ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕೊಳೆ ಇದ್ದರೆ ಆಯಿಲಿಗೆ ನೀರು ಸೇರಿರಬಹುದು, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಮುಂದೆ ಹೋಗಬೇಡಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿ ಇರುವಾಗ ತೆಗೆಯಲೇಬೇಡಿ, ಮುಖ ಸುಟ್ಟೀತು.

“ಇಂಜಿನ್ ಬಿಚ್ಚೇ ಇಲ್ಲ” ಅಂತ ಹೆಮ್ಮೆಯಿಂದ ಹೇಳುತ್ತಾರೆ. ಬಹಳ ಓಡಿದ ಗಾಡಿಯಾದರೆ ಬಿಲ್ ಸಮೇತ ಇಂಜಿನ್ ಕೆಲಸ ಮಾಡಿಸಿದ್ದೇ ನನಗೆ ಹೆಚ್ಚು ನಂಬಿಕೆ. ಮೀನು ಹೊತ್ತ ಗಾಡಿಯಾದರೆ ಉಪ್ಪುನೀರು ಚಾಸಿಸ್, ರೇಡಿಯೇಟರ್, ವೈರಿಂಗ್ ಎಲ್ಲ ತಿಂದಿರುತ್ತದೆ. ಅಡಿಗೆ ಬಗ್ಗಿ, ಸ್ಕ್ರೂ ಡ್ರೈವರಿನಿಂದ ತಟ್ಟಿ ನೋಡಿ.

ಇಂಜಿನ್ ಮೇಲಿನ ನಂಬರು ಆರ್.ಸಿ. ಪುಸ್ತಕದ ನಂಬರಿಗೆ ತಾಳೆ ಆಗಬೇಕು. ಬೇರೆ ಇಂಜಿನ್ ಕೂರಿಸಿ ಆರ್‌ಟಿಒದಲ್ಲಿ ಬರೆಸದೆ ಇದ್ದರೆ ಎಫ್.ಸಿ., ವಿಮೆ ಎರಡಕ್ಕೂ ತೊಂದರೆ. ಸರಕು ಗಾಡಿಗೆ 8 ವರ್ಷ ದಾಟಿದ ಮೇಲೆ ಎಫ್.ಸಿ. ಪ್ರತಿವರ್ಷ ಮಾಡಿಸಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ನಂಬರು ತಾಳೆಯಾಗಿ, ಲೋಡು ಹಾಕಿ ಒಂದು ಏರು ಹತ್ತಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ. ಲೋಡು ಹಾಕಲು ಬಿಡುವುದಿಲ್ಲ ಅಂದರೆ ಬೇರೆ ಗಾಡಿ ನೋಡಿ.